ತೊಟ್ಟಿಲು ಒಳಗೆ, ಹೆಣೆದವರು ಹೊರಗೆ

ನನ್ನ ತಮ್ಮ ಹುಟ್ಟಿದ ವರ್ಷ ಮನೆಗೆ ಹೊಸ ತೊಟ್ಟಿಲು ಬೇಕಾಯಿತು. ಅಜ್ಜಿ ಹೇಳಿಕಳುಹಿಸಿದ ಮೂರನೆಯ ದಿನ ಕಾಡುಬಳ್ಳಿಯ ಹೊರೆ ಹೊತ್ತು ಒಬ್ಬ ಹೆಂಗಸು ಬಂದಳು. ಅಂಗಳಕ್ಕೆ ಬರಲಿಲ್ಲ. ಅಂಗಳದ ಕೆಳಗೆ, ಹಟ್ಟಿಯ ಪಕ್ಕದ ಹಲಸಿನ ಬುಡದಲ್ಲಿ ಹೊರೆ ಇಳಿಸಿ ಕೂತಳು. ಅಲ್ಲಿ ಕೂರು ಎಂದು ಯಾರಾದರೂ ಹೇಳಿದ್ದು ನನಗೆ ಕೇಳಿಸಲಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲವೆಂದು ತೋರುತ್ತದೆ. ಎರಡು ದಿನ ಅಲ್ಲೇ ಕೂತು, ಬಳ್ಳಿಯ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು, ಕತ್ತಿಯ ಮೊನೆಯಲ್ಲಿ ಸೀಳಿ, ಹಲ್ಲಿನಲ್ಲಿ ಕಚ್ಚಿ ಬಿಗಿದು ತೊಟ್ಟಿಲು ಹೆಣೆದಳು. ತಳ ಮುಗಿದ ಮೇಲೆ ಅಂಗೈಯಿಂದ ಅದನ್ನು ಸವರಿ ಸವರಿ ನೋಡುತ್ತಿದ್ದಳು. ಎಲ್ಲೋ ಒಂದು ಗಂಟು ಕೈಗೆ ಒತ್ತಿರಬೇಕು, ಅಷ್ಟನ್ನೂ ಬಿಚ್ಚಿ ಮತ್ತೆ ಹೆಣೆದಳು. ಮಗುವಿನ ಬೆನ್ನಿಗೆ ಚುಚ್ಚೀತು ಎಂದಳು. ಅವಳು ಆ ಮಗುವನ್ನು ಇನ್ನೂ ನೋಡಿರಲಿಲ್ಲ.

ಕೆಲಸ ಮುಗಿದಾಗ ದೊಡ್ಡಪ್ಪ ತೊಟ್ಟಿಲಿನ ಮೇಲೆ ಒಂದು ಕೊಡ ನೀರು ಸುರಿದು ಒಳಗೆ ತಂದರು. ಅಜ್ಜಿ ಅಕ್ಕಿ, ಎರಡು ತೆಂಗಿನಕಾಯಿ, ಒಂದು ಹಳೆಯ ಸೀರೆ, ಎಲೆಅಡಿಕೆ ಎಲ್ಲವನ್ನೂ ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದರು. ಅವಳು ಮುಂದೆ ಬಂದು ಎತ್ತಿಕೊಂಡಳು. ಆಮೇಲೆ ಕೇಳಿದಳು: "ಅಮ್ಮಾ, ಮಗುವಿನ ಮುಖ ಒಮ್ಮೆ ತೋರಿಸುವಿರಾ?" ಅಜ್ಜಿ ತಮ್ಮನನ್ನು ಎತ್ತಿಕೊಂಡು ಜಗಲಿಯ ಅಂಚಿಗೆ ಬಂದು ನಿಂತರು. ನಡುವೆ ಇಡೀ ಅಂಗಳವಿತ್ತು. ಮಧ್ಯಾಹ್ನದ ಬಿಸಿಲು ಅವಳ ಕಣ್ಣಿಗೇ ಹೊಡೆಯುತ್ತಿತ್ತು. ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ತುದಿಗಾಲಲ್ಲಿ ನಿಂತು ನೋಡಿದಳು. ಕಂಡಿತೋ ಇಲ್ಲವೋ, "ಚಂದ ಉಂಟು" ಎಂದು ನಕ್ಕು ಹೊರೆ ಎತ್ತಿಕೊಂಡು ಹೋದಳು.

ನನ್ನ ಅಜ್ಜಿ ಕೆಟ್ಟವರಲ್ಲ, ಇದನ್ನು ನೀವು ನಂಬಬೇಕು. ಹಸಿದು ಬಂದವರನ್ನು ಬರಿಗೈಯಲ್ಲಿ ಕಳುಹಿಸಿದವರಲ್ಲ, ಕರು ಸತ್ತರೆ ಎರಡು ದಿನ ಊಟ ಬಿಟ್ಟವರು, ಆಳುಮಕ್ಕಳಿಗೆ ಜ್ವರ ಬಂದರೆ ಕಷಾಯ ಕಾಸಿ ಕಳುಹಿಸಿದವರು. ಅಂಥವರೇ ತೊಟ್ಟಿಲ ಮೇಲೆ ನೀರು ಸುರಿಯುವುದನ್ನು ನೋಡುತ್ತ ನಿಂತರು. ಯಾಕೆ ಅಜ್ಜಿ ಎಂದು ಕೇಳಿದ್ದಕ್ಕೆ, "ಅದು ಹಾಗೇ ಮಗಾ" ಎಂದರು. ನಮ್ಮ ಕರಾವಳಿಯ ಮನೆಮನೆಗಳಲ್ಲಿ ಎಷ್ಟು ತಲೆಮಾರುಗಳ ಕಣ್ಣು ಈ ಒಂದು ಮಾತಿನ ಹಿಂದೆ ಅಡಗಿಕೊಂಡು ಕೂತಿದೆ! ಅದು ಹಾಗೇ. ಅದು ಮೊದಲಿನಿಂದ ಹಾಗೇ. ನಾವೇನು ಮಾಡಿದ್ದಲ್ಲ.

ಇನ್ನೊಂದು ವಿಷಯ ಹೇಳಬೇಕು. ಆ ಹೆಂಗಸು ನನ್ನ ಅಜ್ಜಿಗಿಂತ ಹಿರಿಯಳು. ತಲೆ ಪೂರಾ ನರೆತಿತ್ತು. ಆರು ವರ್ಷದ ನಾನು ಅವಳನ್ನು ಏಕವಚನದಲ್ಲೇ ಮಾತನಾಡಿಸಿದ್ದೆ, ಯಾರೂ ನನ್ನನ್ನು ತಿದ್ದಲಿಲ್ಲ. ಈ ಬರಹದಲ್ಲೂ, ಇಷ್ಟು ವರ್ಷಗಳ ಮೇಲೂ, ಕೈ ತನ್ನಷ್ಟಕ್ಕೆ "ಬಂದಳು", "ಕೂತಳು" ಎಂದೇ ಬರೆಯಿತು. ಇನ್ನು ಮುಂದೆ ಅವರು ಎಂದು ಬರೆಯುತ್ತೇನೆ.

ಅವರು ಕೊರಗರು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮಣ್ಣಿನ ಆದಿವಾಸಿಗಳು. ರಾಜ್ಯದಲ್ಲಿ ಅತ್ಯಂತ ದುರ್ಬಲ ಬುಡಕಟ್ಟುಗಳೆಂದು ಸರ್ಕಾರ ಗುರುತಿಸಿರುವುದು ಎರಡನ್ನೇ, ಜೇನುಕುರುಬರು ಮತ್ತು ಕೊರಗರು. 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗರೆಲ್ಲ ಸೇರಿ 14,794 ಮಂದಿ. ಒಂದು ದೊಡ್ಡ ಜಾತ್ರೆಯ ರಥಬೀದಿಯಲ್ಲಿ ಒಂದು ಸಂಜೆ ಸೇರುವಷ್ಟು ಜನ. ಅವರು ಹೆಣೆದ ಗೆರಸೆಯಲ್ಲಿ ನಮ್ಮ ಭತ್ತ ಹಸನಾಯಿತು, ಅವರು ಹೆಣೆದ ಬುಟ್ಟಿಯಲ್ಲಿ ನಮ್ಮ ಗೊಬ್ಬರ ಗದ್ದೆಗೆ ಹೋಯಿತು, ಅವರು ಹೆಣೆದ ತೊಟ್ಟಿಲಲ್ಲಿ ನಮ್ಮ ಮಕ್ಕಳು ನಿದ್ದೆ ಹೋದರು, ಅವರ ಡೋಲಿನ ಸದ್ದಿಗೆ ನಮ್ಮ ಕಂಬಳದ ಕೋಣಗಳ ಕಿವಿ ನಿಮಿರಿತು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ, ಈ ಮಗುವಾದರೂ ಉಳಿಯಲಿ ಎಂದು ಅದಕ್ಕೆ ಕೊರಗ ಎಂದು ಹೆಸರಿಡುವ ರೂಢಿ ಇತ್ತು. ನಿಮ್ಮ ವಂಶದ ಹಳೆಯ ಪಟ್ಟಿ ತೆಗೆದು ನೋಡಿದರೆ ಒಬ್ಬ ಕೊರಗಪ್ಪನೋ ಕೊರಗ ಶೆಟ್ಟಿಯೋ ಸಿಕ್ಕಿಯಾರು. ಅವರ ಹೆಸರಿಗೆ ಸಾವನ್ನು ಹಿಂದಕ್ಕೆ ಕಳುಹಿಸುವ ಶಕ್ತಿಯಿದೆ ಎಂದು ನಂಬಿದ ನಾವೇ, ಅವರ ನೆರಳಿಗೆ ನಮ್ಮ ಅಂಗಳವನ್ನು ಕೆಡಿಸುವ ಶಕ್ತಿಯಿದೆ ಎಂದೂ ನಂಬಿದೆವು.

ಮತ್ತು ಅಜ್ಜ. ಕೊರಗಜ್ಜನ ಹೆಸರು ಹೇಳದ ಮನೆ ಕರಾವಳಿಯಲ್ಲಿ ಇಂದು ಯಾವುದಿದೆ? ಬಂಗಾರ ಕಳೆದರೆ ಅಜ್ಜ, ಪಾಸ್‌ಪೋರ್ಟ್ ಕಳೆದರೆ ಅಜ್ಜ, ಹಟ್ಟಿಯ ದನ ಸಂಜೆಗೆ ಬಾರದಿದ್ದರೆ ಅಜ್ಜ. ಮುಂಬೈಯಲ್ಲಿ ಹೋಟೆಲು ನಡೆಸುವವರೂ ದುಬೈಯಲ್ಲಿ ಲೆಕ್ಕ ಬರೆಯುವವರೂ ಊರಿಗೆ ಬಂದಾಗ ಕುತ್ತಾರಿನ ಅಜ್ಜನ ಕಟ್ಟೆಗೆ ಚಕ್ಕುಲಿ, ವೀಳ್ಯದೆಲೆ, ಕಳ್ಳು ಹಿಡಿದು ಹೋಗುತ್ತಾರೆ. ಆ ಭಕ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ನಾನೂ ಅಲ್ಲಿ ಕೈಮುಗಿದು ನಿಂತಿದ್ದೇನೆ, ಕಣ್ಣು ಒದ್ದೆಯಾಗಿದೆ. ಆದರೆ ಆ ಕಟ್ಟೆಯ ಕಥೆ ನಿಮಗೆ ಗೊತ್ತು. ತಬ್ಬಲಿ ಕೊರಗ ಹುಡುಗ ತನಿಯನನ್ನು ಬಿಲ್ಲವರ ಬೈದೆತಿಯೊಬ್ಬಳು ಮಗನಂತೆ ಸಾಕಿದಳು. ಏಳೆಂಟು ಮಂದಿ ಹೊರುವ ಹೊರೆಯನ್ನು ಒಬ್ಬನೇ ಹೊತ್ತು ದೈವಸ್ಥಾನದ ಬಾಗಿಲಿಗೆ ಮುಟ್ಟಿಸಿದ ಆ ಹುಡುಗನನ್ನು ಅದೇ ಬಾಗಿಲಲ್ಲಿ ತಡೆದು ನಿಲ್ಲಿಸಲಾಯಿತು. ಹೊರೆ ಒಳಗೆ ಹೋಯಿತು, ಹೊತ್ತವನು ಹೊರಗೆ ನಿಂತ. ಅಲ್ಲಿಂದಲೇ ಅವನು ಮಾಯವಾದ, ಮಾಯವಾಗಿ ದೈವವಾದ. ಮಾಯವಾದ ಕೊರಗನಿಗೆ ಕಟ್ಟೆ ಕಟ್ಟಿದ ನಾವು, ಕಣ್ಣೆದುರೇ ಇರುವ ಕೊರಗರಿಗೆ ಅಂಗಳದ ಒಳಗೆ ಒಂದು ಮಣೆ ಹಾಕಲಿಲ್ಲ.

ನಿಮಗೆ ಇದೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ನಾನು ಈ ಮಾತು ಬರೆಯುತ್ತಿಲ್ಲ.

ಅಜಲು ಎಂಬ ಮಾತಿನ ಅರ್ಥ ನಿಮಗೆ ಗೊತ್ತು. ಮನೆಯ ಕಾಯಿಲೆ ದಾಟಿಹೋಗಲಿ ಎಂದು ಅನ್ನಕ್ಕೆ ಕೂದಲು, ಉಗುರು ಬೆರೆಸಿ ಕೊರಗರಿಗೆ ಉಣ್ಣಲು ಕೊಡುವುದು. ಕಂಬಳದ ಮುನ್ನ ಕೋಣಗಳಂತೆ ಅವರನ್ನು ಗದ್ದೆಯಲ್ಲಿ ಓಡಿಸುವುದು. ಹಿಂದಿನ ರಾತ್ರಿಯಿಡೀ ಗದ್ದೆಯ ಬದಿಯಲ್ಲಿ ಅವರನ್ನು ಕೂರಿಸುವುದು, ಅದಕ್ಕೆ ತುಳುವಿನಲ್ಲಿ ಎಷ್ಟು ಚಂದದ ಹೆಸರು, ಪನಿ ಕುಲ್ಲುನು, ಮಂಜಿನಲ್ಲಿ ಕೂರುವುದು. ಅದಕ್ಕೂ ಹಿಂದೆ ಒಂದು ಕಾಲವಿತ್ತು. ದಾರಿಯ ಮೇಲೆ ಉಗುಳು ಬೀಳಬಾರದೆಂದು ಕೊರಳಿಗೆ ಮಡಕೆ ಕಟ್ಟಿಕೊಂಡು ನಡೆಯಬೇಕಾಗಿದ್ದವರನ್ನು ಅಂಡೆ ಕೊರಗರು ಎಂದು ಕರೆಯುತ್ತಿದ್ದರೆಂದು ಬ್ರಿಟಿಷರ ಕಾಲದ ದಾಖಲೆಗಳು ಹೇಳುತ್ತವೆ. ಇವೆಲ್ಲ ಪುರಾಣದ ಮಾತಲ್ಲ. ಅಜಲನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ರಾಜ್ಯ ಮಾಡಿದ್ದು 2000ದಲ್ಲಿ. ಸಂವಿಧಾನ ಬಂದು ಅರ್ಧ ಶತಮಾನ ಕಳೆದ ಮೇಲೆ, ಒಬ್ಬ ಮನುಷ್ಯನ ಅನ್ನಕ್ಕೆ ಉಗುರು ಬೆರೆಸಬಾರದು ಎಂದು ವಿಧಾನಸಭೆಯಲ್ಲಿ ಕೂತು ಬರೆಯಬೇಕಾಯಿತು.

ಕಾಯ್ದೆ ಬಂತು, ಒಳ್ಳೆಯದಾಯಿತು. ಆದರೆ ಕಾಯ್ದೆ ಹಿಡಿಯಬಲ್ಲದ್ದು ಕೈಯನ್ನು. ಕಣ್ಣನ್ನು ಹಿಡಿಯುವ ಕಾಯ್ದೆ ಇಲ್ಲ. 2021ರ ಡಿಸೆಂಬರಿನಲ್ಲಿ ಉಡುಪಿ ಜಿಲ್ಲೆಯ ಕೋಟತಟ್ಟುವಿನಲ್ಲಿ, ಕೊರಗರ ಕಾಲನಿಯ ಮನೆಯೊಂದರಲ್ಲಿ ಮದುವೆಯ ಮುಂಚಿನ ಮೆಹಂದಿ ನಡೆಯುತ್ತಿದ್ದಾಗ ಹಾಡಿನ ಸದ್ದು ಜೋರೆಂದು ಪೊಲೀಸರು ಲಾಠಿ ಬೀಸಿದ ಸುದ್ದಿ ನೀವು ಓದಿದ್ದೀರಿ. ಮೆಹಂದಿಯ ರಾತ್ರಿ ಹಾಡು ಹಾಕದ ಮನೆ ನಮ್ಮ ಊರುಗಳಲ್ಲಿ ಎಲ್ಲಿದೆ? ನಿಮ್ಮ ಮಗಳ ಮದುವೆಯಲ್ಲಿ, ನನ್ನ ತಮ್ಮನ ಮದುವೆಯಲ್ಲಿ ಹಾಡಿನ ಸದ್ದು ಮೂರು ಊರಿಗೆ ಕೇಳಿರಲಿಲ್ಲವೇ? ನಮ್ಮ ಚಪ್ಪರಕ್ಕೆ ಲಾಠಿ ಬರಲಿಲ್ಲ. ಈ ವ್ಯತ್ಯಾಸ ಯಾಕೆ ಎಂದು ಆ ವಾರ ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳಲಿಲ್ಲ. ಪತ್ರಿಕೆ ಮಡಚಿಟ್ಟೆವು. ಅಯ್ಯೋ ಪಾಪ ಎಂದೆವು.

ಈ ಅಯ್ಯೋ ಪಾಪದ ಬಗ್ಗೆಯೇ ನಿಮ್ಮ ಜೊತೆ ಸ್ವಲ್ಪ ಹೊತ್ತು ಕೂತು ಮಾತನಾಡಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಾವು ಮರುಗುತ್ತೇವೆ, ಅದು ನಿಜ. ನಾವು ಅಕ್ಕಿ ಕೊಡುತ್ತೇವೆ, ಹಳೆಯ ಬಟ್ಟೆ ಕೊಡುತ್ತೇವೆ. ನಮಗೆ ಅವರ ಮೇಲೆ ದ್ವೇಷವಿಲ್ಲ. ಹಾಗಿದ್ದರೂ ನಮ್ಮೊಳಗಿನ ಅಂಗಳ ಒಂದು ಮೊಳವೂ ಕಿರಿದಾಗಲಿಲ್ಲ ಯಾಕೆ? ಜನರ ಮನಸ್ಸಿನಲ್ಲಿ ಪೂರ್ವಗ್ರಹ ಹೇಗೆ ಹುಟ್ಟುತ್ತದೆ, ಹೇಗೆ ಕರಗುತ್ತದೆ ಎಂದು ಬಾಳಿಡೀ ಹುಡುಕಿದ ವಿದ್ವಾಂಸರಿದ್ದಾರೆ. ಅವರಲ್ಲಿ ಹಿರಿಯರು ಅಮೆರಿಕದ ಗಾರ್ಡನ್ ಆಲ್‌ಪೋರ್ಟ್. 1954ರಲ್ಲಿ ಬಂದ ಅವರ ದೊಡ್ಡ ಪುಸ್ತಕ ಬಿಳಿಯರ, ಕಪ್ಪುಜನರ, ಯಹೂದಿಗಳ ಸುತ್ತ ಬರೆದದ್ದು. ಆದರೆ ಅದನ್ನು ಓದುತ್ತ ಹೋದಂತೆ ನನಗೆ ಕಂಡದ್ದು ನಮ್ಮ ಹಲಸಿನ ಮರದ ಬುಡ. ಎರಡು ಗುಂಪಿನ ಜನ ಸುಮ್ಮನೆ ಎದುರುಬದುರಾದರೆ ಸಾಲದು ಎನ್ನುತ್ತಾರೆ ಅವರು. ಮೇಲುಮೇಲಿನ ಭೇಟಿ ಪೂರ್ವಗ್ರಹವನ್ನು ಕಡಿಮೆ ಮಾಡುವುದಕ್ಕಿಂತ ಹೆಚ್ಚಿಸುವುದೇ ಜಾಸ್ತಿ. ಇಬ್ಬರೂ ಸಮಾನರಾಗಿ ಕೂತಾಗ, ಇಬ್ಬರಿಗೂ ಬೇಕಾದ ಒಂದೇ ಕೆಲಸಕ್ಕೆ ಇಬ್ಬರೂ ಕೈಹಾಕಿದಾಗ, ಆ ಕೆಲಸದಲ್ಲಿ ಒಬ್ಬರಿಗೊಬ್ಬರು ಬೇಕಾದಾಗ, ಊರು, ಕಾನೂನು, ಹಿರಿಯರು ಅದಕ್ಕೆ ಬೆನ್ನಾಗಿ ನಿಂತಾಗ ಮಾತ್ರ ಒಳಗಿನ ಗಂಟು ಸಡಿಲವಾಗುತ್ತದೆ.

ಈಗ ನೋಡಿ. ನಾವು ಕೊರಗರನ್ನು ಕಾಣದವರಲ್ಲ. ದಿನವೂ ಕಾಣುತ್ತೇವೆ. ಮಂಗಳೂರಿನ, ಉಡುಪಿಯ ಬೀದಿ ಗುಡಿಸುವವರಲ್ಲಿ ಕಾಣುತ್ತೇವೆ, ಕಂಬಳದಲ್ಲಿ ಡೋಲು ಹೊಡೆಯುವಾಗ ಕಾಣುತ್ತೇವೆ, ಮದುವೆಮನೆಯ ಹಿತ್ತಿಲಲ್ಲಿ ಕೊನೆಯ ಪಂಕ್ತಿ ಏಳುವುದನ್ನು ಕಾಯುತ್ತಿರುವಾಗ ಕಂಡಿದ್ದೇವೆ. ಶತಮಾನಗಳ ಸಂಪರ್ಕ ನಮ್ಮದು. ಆದರೆ ಒಮ್ಮೆಯೂ ಸಮಾನರಾಗಿ ಅಲ್ಲ. ಒಂದು ಕಡೆ ಕೊಡುವ ಕೈ, ಇನ್ನೊಂದು ಕಡೆ ನೆಲದಿಂದ ಎತ್ತಿಕೊಳ್ಳುವ ಕೈ. ಮಗುವೊಂದು ಜಗಲಿಯ ಮೇಲೆ ನಿಂತು ಇದನ್ನು ದಿನವೂ ನೋಡಿದರೆ ಅದಕ್ಕೆ ಯಾರೂ ಏನನ್ನೂ ಕಲಿಸಬೇಕಾಗಿಲ್ಲ. ನನಗೆ ಯಾರೂ ಕಲಿಸಲಿಲ್ಲ. ನಮ್ಮ ದಯೆಯೇ ನಮ್ಮ ಪೂರ್ವಗ್ರಹಕ್ಕೆ ದಿನವೂ ನೀರೆರೆಯಿತು.

ಆಲ್‌ಪೋರ್ಟ್ ಹೇಳಿದ್ದು ನಿಜವೇ ಎಂದು ಆಮೇಲಿನವರು ನಾನಾ ದೇಶಗಳಲ್ಲಿ ಪರೀಕ್ಷಿಸಿದರು. ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ ಎಂಬಿಬ್ಬರು ಅಂಥ 515 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ 2006ರಲ್ಲಿ ಪ್ರಕಟಿಸಿದರು. ಜನರ ನಡುವಿನ ಒಡನಾಟ ಪೂರ್ವಗ್ರಹವನ್ನು ತಗ್ಗಿಸುತ್ತದೆ, ಆ ನಾಲ್ಕು ಮಾತುಗಳು ಕೂಡಿಬಂದಲ್ಲಿ ಇನ್ನೂ ಹೆಚ್ಚು ತಗ್ಗಿಸುತ್ತದೆ ಎಂದು ಕಂಡಿತು. ದೂರದ ಮಾತು ಬೇಡವೆಂದರೆ ನಮ್ಮ ದೇಶದ್ದೇ ಒಂದಿದೆ, ಅದು ನಿಮಗೆ ಇಷ್ಟವಾದೀತು, ಏಕೆಂದರೆ ಅದು ಕ್ರಿಕೆಟ್ಟಿನದು. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆಬೇರೆ ಜಾತಿಗಳ 1,261 ಯುವಕರ ಹೆಸರು ಬರೆಸಿಕೊಂಡು, ಚೀಟಿ ಎತ್ತಿದಂತೆ ಅವರಲ್ಲಿ 800 ಮಂದಿಯನ್ನು ತಿಂಗಳ ಕಾಲದ ಕ್ರಿಕೆಟ್ ಲೀಗುಗಳಿಗೆ ಹಂಚಿದರು. ಕೆಲವು ತಂಡಗಳಲ್ಲಿ ಒಂದೇ ಜಾತಿಯವರು, ಕೆಲವು ತಂಡಗಳಲ್ಲಿ ಎಲ್ಲರೂ. ಬೇರೆ ಜಾತಿಯವನ ಜೊತೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ದಾಟಿದ ಗೆಳೆತನ ಹೆಚ್ಚಾಯಿತು, ತಮ್ಮವನಿಗೇ ಬಹುಮಾನ ಹೋಗಲಿ ಎಂಬ ಮೋಹ ಕಡಿಮೆಯಾಯಿತು. ಬೇರೆ ಜಾತಿಯವನನ್ನು ಎದುರಾಳಿಯಾಗಿ ಮಾತ್ರ ಕಂಡವರಲ್ಲಿ ಆ ಒಳಿತು ಕಾಣಲಿಲ್ಲ, ದೂರವೇ ಬೆಳೆಯಿತು. 2021ರಲ್ಲಿ ಅಚ್ಚಾದ ಈ ಅಧ್ಯಯನವನ್ನು ಓದಿ ಮುಗಿಸಿದ ಸಂಜೆ ನಾನು ಪೇಟೆಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಕ್ರೀಡಾಕೂಟದ ಫ್ಲೆಕ್ಸ್. ಅಂಡರ್‌ಆರ್ಮ್ ಕ್ರಿಕೆಟ್, ಹಗ್ಗಜಗ್ಗಾಟ, ವಾಲಿಬಾಲ್, ಟ್ರೋಫಿ, ನಗದು. ಕೆಳಗೆ ದಪ್ಪಕ್ಷರದಲ್ಲಿ: ಸಮಾಜ ಬಾಂಧವರಿಗೆ ಮಾತ್ರ.

ಸಮಾಜ! ಎಷ್ಟು ದೊಡ್ಡ ಮಾತು ಅದು. ಅದನ್ನು ನಾವು ಎಷ್ಟು ಚಿಕ್ಕದು ಮಾಡಿ ಬೇಲಿ ಹಾಕಿದ್ದೇವೆ.

ಆ ಫ್ಲೆಕ್ಸ್ ಕಟ್ಟಿದ ಹುಡುಗರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಪಕ್ಕದ ಮನೆಯವರಿಗೆ ರಕ್ತ ಬೇಕೆಂದರೆ ರಾತ್ರಿ ಎರಡು ಗಂಟೆಗೆ ಬೈಕು ತೆಗೆಯುವ ಹುಡುಗರು ಅವರು. ಆದರೆ ಅವರ ತಂಡದಲ್ಲಿ ಒಬ್ಬ ಕೊರಗರ ಹುಡುಗ ಬೌಲಿಂಗ್ ಮಾಡಿ, ಕೊನೆಯ ಓವರಿನಲ್ಲಿ ಪಂದ್ಯ ಉಳಿಸಿ, ಆಮೇಲೆ ಎಲ್ಲರೂ ಒಂದೇ ಬಾಟಲಿಯ ನೀರನ್ನು ಕೈಯಿಂದ ಕೈಗೆ ದಾಟಿಸಿ ಕುಡಿದಿದ್ದರೆ? ಯಾವ ಭಾಷಣವೂ ಮಾಡಲಾರದ ಕೆಲಸವನ್ನು ಆ ಬಾಟಲಿ ಮಾಡುತ್ತಿತ್ತು. ಅದು ಪೂರ್ವಗ್ರಹದ ವಿರುದ್ಧದ ಹೋರಾಟವೆಂದು ಅವರಿಗೆ ಗೊತ್ತೂ ಆಗುತ್ತಿರಲಿಲ್ಲ.

"ಕರೆದರೂ ಅವರೇ ಬರುವುದಿಲ್ಲ" ಎನ್ನುತ್ತೀರಿ. ಎಷ್ಟು ಸಲ ಕೇಳಿದ್ದೇನೆ ಈ ಮಾತನ್ನು, ಒಳ್ಳೆಯವರ ಬಾಯಿಂದಲೇ. ಅವರಿಗೆ ಸಂಕೋಚ, ಅವರಿಗೆ ಓದು ಹತ್ತುವುದಿಲ್ಲ, ಅವರ ಮಕ್ಕಳು ಶಾಲೆ ಬಿಡುತ್ತಾರೆ. ದಯವಿಟ್ಟು ಒಂದು ನಿಮಿಷ ನಿಲ್ಲಿ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರನೆಯ, ಏಳನೆಯ ತರಗತಿಯ ಹುಡುಗರಿಗೆ ಕಾಗದದ ಮೇಲೆ ಚಕ್ರವ್ಯೂಹದಂಥ ಒಗಟು ಬಿಡಿಸಲು ಕೊಟ್ಟರು. ಮೇಲುಜಾತಿಯ 321 ಹುಡುಗರು, ಕೆಳಜಾತಿಯೆನಿಸಿಕೊಂಡ 321 ಹುಡುಗರು. ಜಾತಿಯ ಮಾತೆತ್ತದೆ ಬಿಡಿಸಲು ಕೊಟ್ಟಾಗ ಇಬ್ಬರೂ ಒಂದೇ ಸಮ ಬಿಡಿಸಿದರು. ಬಿಡಿಸುವ ಮೊದಲು ಎಲ್ಲರೆದುರು ಹುಡುಗನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಊರು, ಜಾತಿ ಕೂಗಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿದುಹೋಯಿತು. ಅದೇ ಹುಡುಗರು, ಅದೇ ಬುದ್ಧಿ, ಅದೇ ಕಾಗದ, ಅದೇ ಪೆನ್ಸಿಲು. ನಡುವೆ ಬಂದದ್ದು ಒಂದು ಕೂಗು ಮಾತ್ರ.

ಆ ಕೂಗು ನಿಮಗೆ ಗೊತ್ತು. ನಿಮ್ಮ ಶಾಲೆಯಲ್ಲೂ ಅದು ಕೇಳಿಸಿತ್ತು. ಜೂನ್ ತಿಂಗಳು, ಹೊರಗೆ ಮಳೆ, ಕಚೇರಿಯಿಂದ ವಿದ್ಯಾರ್ಥಿವೇತನದ ಫಾರಂ ಬಂದಿದೆ, ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತದೆ ಹೇಳುತ್ತಾರೆ: ಎಸ್ಸಿ, ಎಸ್ಟಿ ಮಕ್ಕಳು ಎದ್ದು ನಿಲ್ಲಿ. ನಮ್ಮ ತರಗತಿಯಲ್ಲಿ ಕೊನೆಯ ಬೆಂಚಿನಿಂದ ಒಬ್ಬಳು ಎದ್ದಳು. ಅಲ್ಲಿಯವರೆಗೆ ಅವಳು ನಮ್ಮಂತೆ ಒಬ್ಬಳು, ಲೆಕ್ಕದಲ್ಲಿ ನನಗಿಂತ ಚುರುಕು. ಮೂವತ್ತೆಂಟು ಜೊತೆ ಕಣ್ಣು ಹಿಂದಕ್ಕೆ ತಿರುಗಿದವು, ಅದರಲ್ಲಿ ಒಂದು ಜೊತೆ ನನ್ನವು. ಅವಳು ಲಂಗದ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡಿಸುತ್ತಿದ್ದಳು. ಆ ವರ್ಷ ಮುಗಿಯುವ ಮೊದಲೇ ಅವಳು ಬರುವುದನ್ನು ನಿಲ್ಲಿಸಿದಳು. ಯಾಕೆ ಬರುವುದಿಲ್ಲ ಎಂದು ಮೇಷ್ಟ್ರು ಒಮ್ಮೆ ಕೇಳಿದರು. ನಮಗೆ ಯಾರಿಗೂ ಅವಳ ಮನೆಯ ದಾರಿ ಗೊತ್ತಿರಲಿಲ್ಲ. ಅವಳಿಗೆ ಓದು ಹತ್ತಲಿಲ್ಲ ಎಂದುಕೊಂಡೆವು.

ಅವರೇ ಬರುವುದಿಲ್ಲ ಎಂದು ಇನ್ನೊಮ್ಮೆ ಹೇಳುವ ಮೊದಲು ಆ ಬೆರಳುಗಳನ್ನು ನೆನೆಯಿರಿ. ಹಲಸಿನ ಬುಡದಲ್ಲಿ ಕೂರಲು ಆ ಅಜ್ಜಿಗೆ ಯಾರೂ ಹೇಳಲಿಲ್ಲವೆಂದೆನಲ್ಲ, ಹೇಳಿದವರು ಇದ್ದರು, ಅವರ ಅಜ್ಜಿಗೆ, ಮುತ್ತಜ್ಜಿಗೆ ಹೇಳಿದ್ದರು, ಹೇಳಿ ಹೇಳಿ, ಕೊನೆಗೆ ಹೇಳುವ ಅಗತ್ಯವೇ ಇಲ್ಲದಂತೆ ಮಾಡಿದ್ದರು. ನಾವು ಅದನ್ನು ಅವರ ಸಂಕೋಚ ಎಂದು ಕರೆಯುತ್ತೇವೆ.

ಹಾಗೆಂದು ಅವರು ತಲೆತಗ್ಗಿಸಿ ಕೂತವರೂ ಅಲ್ಲ. 1993ರಲ್ಲಿ ತಮ್ಮ ನೆಲ ತಮಗೆ ಕೊಡಿ ಎಂದು ಮಂಗಳೂರಿನ ಬೀದಿಗಿಳಿದವರು ಕೊರಗರು. ಆ ನೆನಪಿಗೆ ಪ್ರತಿ ವರ್ಷ ಆಗಸ್ಟ್ 18ರಂದು ಅವರು ಭೂಮಿ ಹಬ್ಬ ಆಚರಿಸುತ್ತಾರೆ. ಕುಟುಂಬಕ್ಕೆ ಎರಡೂವರೆ ಎಕರೆ ನೆಲ ಕೊಡಬೇಕೆಂದು ಕೊರಗರ ಬಗೆಗಿನ ಮಹಮ್ಮದ್ ಪೀರ್ ವರದಿ ಹೇಳಿ ಮೂರು ದಶಕಗಳಾದವು, ಬಹುಪಾಲು ಕುಟುಂಬಗಳು ಇನ್ನೂ ಕಾಯುತ್ತಿವೆ. ಅವರಲ್ಲಿ ಇಂದು ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವರಿದ್ದಾರೆ, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರಿದ್ದಾರೆ. ಅವರು ಅಂಗಳವನ್ನು ದಾಟಿ ಬಂದದ್ದು ತಮ್ಮ ಕಾಲಿನ ಬಲದಿಂದ. ನಾವು ಜಗಲಿಯಿಂದ ಒಂದು ಮೆಟ್ಟಿಲೂ ಇಳಿಯಲಿಲ್ಲ. ಆಗಸ್ಟ್ 18ರಂದು ನಿಮ್ಮ ಪಕ್ಕದಲ್ಲೇ ಒಂದು ಹಬ್ಬ ನಡೆಯುತ್ತದೆ. ಎಷ್ಟು ಸಲ ಹೋಗಿದ್ದೀರಿ?

ಇಳಿಯುವುದು ಹೇಗೆ ಎಂದು ಕೇಳುತ್ತೀರಿ. ದೊಡ್ಡದೇನನ್ನೂ ನಾನು ಕೇಳುತ್ತಿಲ್ಲ. ನಿಮ್ಮ ಊರಿನ ದೈವಸ್ಥಾನದ ಜೀರ್ಣೋದ್ಧಾರ ಸಮಿತಿ ಸೇರುವಾಗ, ಡೋಲಿಗೆ ಹೇಳಿಕಳುಹಿಸುವ ಬದಲು ಸಮಿತಿಯ ಕುರ್ಚಿಗೆ ಹೇಳಿಕಳುಹಿಸಿ. ಕೊರಗಜ್ಜನ ಕಟ್ಟೆಗೆ ಹಂಚು ಯಾವುದು ಹಾಕಬೇಕೆಂಬ ಮಾತಿನಲ್ಲಾದರೂ ಒಬ್ಬ ಕೊರಗರ ದನಿ ಇರಲಿ. ನೀವು ಶಿಕ್ಷಕರಾಗಿದ್ದರೆ ಆ ಫಾರಂಗಳನ್ನು ಮಕ್ಕಳ ಕೈಗೆ ಒಬ್ಬೊಬ್ಬರಿಗೇ ಕೊಡಿ, ಯಾರನ್ನೂ ಎಬ್ಬಿಸಿ ನಿಲ್ಲಿಸಬೇಡಿ. ಗುಂಪು ಮಾಡಿ ಕೆಲಸ ಹಂಚುವಾಗ ಕೊನೆಯ ಬೆಂಚಿನ ಮಗುವಿನ ಕೈಯಲ್ಲಿ ಇಡೀ ಗುಂಪಿಗೆ ಬೇಕಾದ ಒಂದು ತುಂಡು ಇರಲಿ, ಆ ಮಗು ಬಾಯಿಬಿಡದೆ ಯಾರ ಕೆಲಸವೂ ಮುಗಿಯದಿರಲಿ. 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ ಮತ್ತು ಕಪ್ಪು ಮಕ್ಕಳು ಹೊಡೆದಾಡಿಕೊಳ್ಳುತ್ತಿದ್ದಾಗ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮಾಡಿದ್ದು ಇಷ್ಟೇ, ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟದ್ದು. ನೀವು ಯುವಕ ಮಂಡಲದವರಾದರೆ ಫ್ಲೆಕ್ಸಿನ ಆ ಕೊನೆಯ ಸಾಲನ್ನು ಅಳಿಸಿ. ನಿಮ್ಮ ಮನೆಯಲ್ಲಿ ಮದುವೆಯಿದ್ದರೆ, ಕಾಗದ ಹಿಡಿದು ಕಾಲನಿಯ ಮನೆಗೆ ನೀವೇ ಹೋಗಿ, ಹೋಗಿ ಅಲ್ಲಿ ಕೂತು ಅವರು ಕೊಟ್ಟ ಚಹಾ ಕುಡಿದು ಬನ್ನಿ. ಮದುವೆಯ ದಿನ ಅವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದರೆ ಸಾಲದು, ನೀವೂ ಆ ಪಂಕ್ತಿಯಲ್ಲೇ ಪಕ್ಕದ ಎಲೆಗೆ ಕೂರಬೇಕು. ಕೂರಿಸುವುದು ದಾನ. ಜೊತೆಗೆ ಕೂರುವುದು ಬೇರೆ.

ಮೊದಲ ಸಲ ಮೈ ಬಿಗಿದೀತು. ಅದು ನಿಮ್ಮ ತಪ್ಪಲ್ಲ. ಎಷ್ಟೋ ತಲೆಮಾರುಗಳ ಜಗಲಿ ಅದು, ಬೆನ್ನಮೂಳೆಗೇ ಅಂಟಿಕೊಂಡಿದೆ. ಮನಸ್ಸು ಮೊದಲು ಬದಲಾಗಲಿ, ಆಮೇಲೆ ಕೂತರಾಯಿತು ಎಂದು ಕಾಯಬೇಡಿ. ಕೂತ ಮೇಲೆ ಮನಸ್ಸು ಬದಲಾಗುತ್ತದೆ ಎಂಬುದನ್ನೇ ಆ 515 ಅಧ್ಯಯನಗಳು ಹೇಳುತ್ತಿರುವುದು. ಎರಡನೆಯ ಸಲ ಬಿಗಿತ ಕಡಿಮೆಯಾಗುತ್ತದೆ. ನಿಮ್ಮ ಮಕ್ಕಳು ಪಕ್ಕದಲ್ಲಿದ್ದರೆ ಅವರಿಗೆ ಬಿಗಿತ ಎಂದರೇನೆಂದೇ ತಿಳಿಯುವುದಿಲ್ಲ.

ಕೊರಗರ ಮಾತು ಮಾತ್ರ ಹೇಳಿದೆ, ಏಕೆಂದರೆ ನನ್ನ ಅಂಗಳ ಅದು. ನೀವು ಹೆಗ್ಗಡದೇವನಕೋಟೆಯವರಾದರೆ ನಿಮ್ಮ ಅಂಗಳದಾಚೆ ಜೇನುಕುರುಬರಿದ್ದಾರೆ, ಕೊಡಗಿನವರಾದರೆ ಲೈನುಮನೆಗಳಲ್ಲಿ ಯರವರಿದ್ದಾರೆ, ಚಾಮರಾಜನಗರದವರಾದರೆ ಸೋಲಿಗರು, ಯಲ್ಲಾಪುರದವರಾದರೆ ಸಿದ್ದಿಗಳು. ಅವರನ್ನು ನೀವೂ ದಿನವೂ ಕಾಣುತ್ತೀರಿ. ನಿಮಗೂ ಗೊತ್ತು.

ಹೋದ ವರ್ಷ ಹಳೆಯ ಮನೆ ಕೆಡಹುವ ಮೊದಲು ಅಟ್ಟ ಹತ್ತಿದ್ದೆ. ತೊಟ್ಟಿಲು ಅಲ್ಲೇ ಇತ್ತು. ಎಷ್ಟೋ ವರ್ಷದ ಧೂಳು ಒರೆಸಿದರೆ ಒಂದು ಬಳ್ಳಿಯೂ ಬಿಟ್ಟಿರಲಿಲ್ಲ. ತಳಕ್ಕೆ ಅಂಗೈ ಇಟ್ಟು ಸವರಿದೆ, ಎಲ್ಲಿಯೂ ಗಂಟು ಒತ್ತಲಿಲ್ಲ. ಅದರಲ್ಲಿ ತಮ್ಮ ಮಲಗಿದ್ದ, ಆಮೇಲೆ ತಂಗಿ, ಆಮೇಲೆ ಅವರಿಬ್ಬರ ಮಕ್ಕಳು. ಅದನ್ನು ಹೆಣೆದವರ ಹೆಸರೇನೆಂದು ಅಮ್ಮನನ್ನು ಕೇಳಿದೆ, ದೊಡ್ಡಮ್ಮನನ್ನು ಕೇಳಿದೆ, ಹತ್ತಿರದ ಮನೆಯ ಹಿರಿಯರನ್ನೆಲ್ಲ ಕೇಳಿದೆ. ಎಲ್ಲರಿಗೂ ಅವರ ನೆನಪಿದೆ, ಅವರ ನರೆತ ತಲೆ, ಅವರು ನಗುತ್ತಿದ್ದ ರೀತಿ ನೆನಪಿದೆ. ಹೆಸರು ಯಾರಿಗೂ ಗೊತ್ತಿಲ್ಲ. ಯಾರೂ ಕೇಳಿರಲಿಲ್ಲ.

ನಿಮ್ಮ ಬೀದಿಗೆ ನಾಳೆ ಬೆಳಿಗ್ಗೆ ಆರು ಗಂಟೆಗೆ ಪೊರಕೆ ಹಿಡಿದು ಒಬ್ಬರು ಬರುತ್ತಾರೆ. ಗೇಟು ತೆರೆದು ಹೊರಗೆ ಬನ್ನಿ. ನಿಮ್ಮ ಹೆಸರು ಹೇಳಿ, ಅವರ ಹೆಸರು ಕೇಳಿ.